ಮಿಲ್ಲಿಗೆ ಹೋದ ಸೀಗೆಕಾಯಿ

ಟೈಫಾಯ್ಡ್ ನನ್ನನ್ನು ಬಿಟ್ಟು ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ, ನನ್ನ ಅರ್ಧ ತಲೆಕೂದಲನ್ನೂ ಹೊತ್ತುಕೊಂಡೇ ಹೊರಟಿತು. ೧೯೯೭ರ ಡಿಸೆಂಬರ್ ಅದು. ನಾನು ಏಳನೇ ಕ್ಲಾಸು. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆ. ಅಪ್ಪ ಪುಟ್ಟರಾಜು ಸ್ಟೇಷನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್, ಪಾಳಿ ಕೆಲಸ. ಅಮ್ಮ ಲತಾಮಣಿ ಹಾರನಹಳ್ಳಿಯಲ್ಲಿ ಪ್ರೈಮರಿ ಸ್ಕೂಲ್ ಟೀಚರು. ಬೆಳಿಗ್ಗೆ ಎಂಟೂವರೆ ಬಸ್ಸು ತಪ್ಪಿದರೆ ಅವಳಿಗೆ ಇಡೀ ದಿನವೇ ತಪ್ಪಿದಂತೆ. ಅಂಥ ಮನೆಯಲ್ಲಿ ಒಬ್ಬ ಹುಡುಗಿಯ ಕೂದಲು ಉದುರುತ್ತಿದೆ ಅಂತ ಕೂತು ಅಳಲು ಯಾರಿಗೆ ಪುರುಸೊತ್ತು?

ಅಮ್ಮ ಎರಡು ದಿನ ಬಾಚಿ ನೋಡಿದಳು. ಮೂರನೇ ದಿನ ತೀರ್ಪು ಕೊಟ್ಟಳು.

"ಭಾಗ್ಯ, ಭಾನುವಾರ ಹೋಗಿ ಬಾಬ್ ಕಟ್ ಮಾಡಿಸ್ಕೊಂಡು ಬರೋಣ ಕಣೇ. ಶಾಂಪೂ ಹಾಕಿ ತೊಳೆದ್ರೆ ಹತ್ತು ನಿಮಿಷದ ಕೆಲಸ."

"ಬಾಬ್ ಕಟ್ಟಿಗೆ ಮೊಗ್ಗಿನ ಜಡೆ ಹೆಂಗಮ್ಮ ಹಾಕ್ತಾರೆ?" ಅಂತ ನಾನು ಗೋಳೋ ಎಂದೆ.

ಆಗ ಬೇಸಿಗೆ ಬಂತೆಂದರೆ ಹೆಣ್ಣುಮಕ್ಕಳಿಗೆ ಅದೊಂದು ಹಬ್ಬ. ದೊಡ್ಡವಳಾಗುವ ಮುಂಚೆ ಒಂದು ಸಲವಾದರೂ ಜಡೆಯ ಉದ್ದಕ್ಕೂ ಮಲ್ಲಿಗೆ ಮೊಗ್ಗು ಹೊಲಿಸಿಕೊಂಡು, ರೇಷ್ಮೆ ಲಂಗ ಉಟ್ಟು, ಸ್ಟುಡಿಯೋಗೆ ಹೋಗಬೇಕು. ಅಲ್ಲಿ ಬೆನ್ನ ಹಿಂದೆ ಕನ್ನಡಿ ಇಟ್ಟು, ಮುಖ ಜಡೆ ಎರಡೂ ಕಾಣುವ ಹಾಗೆ ಫೋಟೋ ತೆಗೆಯುತ್ತಿದ್ದರು. ನನ್ನ ಕ್ಲಾಸಿನ ಮೇಘಶ್ರೀ ಹಿಂದಿನ ವರ್ಷವೇ ತೆಗೆಸಿಕೊಂಡು ಆ ಫೋಟೋವನ್ನು ಸಮಾಜ ಪುಸ್ತಕದೊಳಗೆ ಇಟ್ಟುಕೊಂಡು ತಿರುಗುತ್ತಿದ್ದಳು. ಈ ಬೇಸಿಗೆ ನನ್ನದು ಅಂತ ಹಗರೆಯ ಅಜ್ಜಿ ಮಾತು ಕೊಟ್ಟಿದ್ದಳು.

ಹಗರೆಯ ಅಜ್ಜಿ ಅಂದರೆ ಅಪ್ಪನ ತಾಯಿ, ಗಿಡ್ಡಮ್ಮ. ಹರೆಯದಲ್ಲಿ ಹೂವಿನ ತೋಟದ ಕೂಲಿಗೆ ಹೋಗುತ್ತಿದ್ದವಳು. ದೊಡ್ಡವರ ಮನೆಯ ಜಗಲಿಯ ಕೆಳಗೆ ಕೂತು ಬಾಳೆಪಟ್ಟೆಯ ಮೇಲೆ ಮೊಗ್ಗು ಹೊಲಿದು ಕೊಡುತ್ತಿದ್ದಳಂತೆ. ಅದನ್ನು ಮಕ್ಕಳ ತಲೆಗೆ ಕಟ್ಟುವುದು ಮಾತ್ರ ಮನೆಯವರ ಕೆಲಸ. ನಮ್ಮವರು ತಲೆ ಮುಟ್ಟುವ ಹಾಗಿರಲಿಲ್ಲ. ಅವಳಿಗೆ ಹುಟ್ಟಿದ್ದು ಇಬ್ಬರೂ ಗಂಡುಮಕ್ಕಳು. "ಊರ್ನೋರ ಮಕ್ಳಿಗೆಲ್ಲಾ ಹೊಲ್ದಿವ್ನಿ, ನಮ್ಮನೆ ಒಂದ್ ತಲೆಗೂ ಹೊಲ್ದಿಲ್ಲ ಕಣ್ ಮಗ" ಅನ್ನುವುದು ಅವಳ ಹಳೇ ರಾಗ. ಆ ರಾಗಕ್ಕೆ ಇದ್ದ ಒಂದೇ ಒಂದು ತಲೆ ನನ್ನದು.

ವಿಷಯ ತಿಳಿದ ಮೂರನೇ ದಿನವೇ ಅಜ್ಜಿ ನಮ್ಮ ಬಾಗಿಲಲ್ಲಿ ನಿಂತಿದ್ದಳು. ಒಂದು ಕೈಯಲ್ಲಿ ಸೀಗೆಕಾಯಿ ಚೀಲ, ಇನ್ನೊಂದರಲ್ಲಿ ಹರಳೆಣ್ಣೆ ಸೀಸೆ, ಸೊಂಟದಲ್ಲಿ ನಶ್ಯದ ಡಬ್ಬಿ.

"ಕತ್ರಿ ಎತ್ತಿಕ್ಕವ್ವ ಲತಾ. ಮೂರ್ ತಿಂಗ್ಳು ಈ ತಲೆ ನಂಗ್ ಬುಡು" ಅಂದಳು, ಇನ್ನೂ ಚಪ್ಪಲಿ ಬಿಡುವ ಮುಂಚೆ.

ಮಾರನೆಯ ದಿನದಿಂದ ಮನೆಯ ಕಾನೂನು ಬದಲಾಯಿತು. ಬೆಳಿಗ್ಗೆ ನನಗೆ ಕಾಫಿ ಬಂದ್, ಮಜ್ಜಿಗೆ ಕಲಸಿದ ರಾಗಿ ಅಂಬಲಿ. ಬ್ರೆಡ್ಡು ಜಾಮು ಬಂದ್, ಮೊಳಕೆ ಹುರಳಿಕಾಳು. ವಾರಕ್ಕೆ ಮೂರು ದಿನ ನುಗ್ಗೆಸೊಪ್ಪು. ದಿನಕ್ಕೊಂದು ನೆಲ್ಲಿಕಾಯಿ, ಅಜ್ಜಿಯ ಕಣ್ಣೆದುರೇ ಅಗಿದು ನುಂಗಬೇಕು. ಸಂಜೆ ರೈಲ್ವೆ ಗೇಟಿನ ತನಕ ನಡೆದು ಬರಬೇಕು. ಅಪ್ಪ ಇದನ್ನೆಲ್ಲ ನೋಡಿ ನಗುತ್ತಿದ್ದ. ಅವನ ತಟ್ಟೆಗೂ ನುಗ್ಗೆಸೊಪ್ಪು ಬಂದ ದಿನ ನಗು ನಿಂತಿತು.

"ನಂಗೇನವ್ವಾ ಆಗೈತೆ?"

"ನಿಂಗೂ ನೆತ್ತಿ ಬೋಳಾಯ್ತಾ ಐತಲ್ಲೋ. ಉಣ್ಣು ಸುಮ್ಕೆ."

ಇದೆಲ್ಲ ಅಮ್ಮ ಸಹಿಸಿಕೊಂಡಳು. ಸಹಿಸದೆ ಹೋದದ್ದು ಎಣ್ಣೆ. ಅಜ್ಜಿ ಗಾಣದ ಕೊಬ್ಬರಿ ಎಣ್ಣೆಗೆ ಕರಿಬೇವು, ಮೆಂತ್ಯ, ದಾಸವಾಳ, ಗರಗದ ಸೊಪ್ಪು ಹಾಕಿ ಕಬ್ಬಿಣದ ಬಾಣಲೆಯಲ್ಲಿ ಕಾಯಿಸಿದರೆ ಇಡೀ ಕ್ವಾರ್ಟರ್ಸಿನ ಸಾಲಿಗೆ ವಾಸನೆ. ಅದರ ಮೇಲೆ ನೆತ್ತಿಗೆ ಅಂಗೈಯಗಲ ಹರಳೆಣ್ಣೆ ಬೇರೆ.

"ಅತ್ತೆ, ಸ್ಕೂಲಿರೋ ದಿನ ಎಣ್ಣೆ ಬೇಡ ಅಂತ ಎಷ್ಟು ಸಲ ಹೇಳ್ಲಿ?"

"ಹೆಣ್ಮಕ್ಳು ತಲೆಗ್ ನೀರಾಕಳದು ಮಂಗ್ಳಾರ, ಸುಕ್ರಾರ ಕಣವ್ವ. ಸ್ಕೂಲ್ನೋರ್ನ ಕೇಳ್ಕಂಡು ಎಣ್ಣೆ ಹಚ್ಬೇಕಾ?"

"ನಿಮಗೆ ಗೊತ್ತಿಲ್ಲ ಅತ್ತೆ." ಅಮ್ಮ ಸೌಟನ್ನು ಪಾತ್ರೆಯ ಮೇಲೆ ಕುಕ್ಕಿದಳು. "ನಾನು ಓದೋವಾಗ ಹರಳೆಣ್ಣೆ ನಾತ ಅಂತ ಪಕ್ಕದ ಹುಡುಗೀರು ಮೂಗು ಮುಚ್ಕೊಂಡು ದೂರ ಸರೀತಿದ್ರು. ಎಣ್ಣೆಗಲ್ಲ ಅವರು ಸರೀತಿದ್ದದ್ದು, ನಾನು ಯಾವ ಕೇರಿಯವಳು ಅಂತ ಸರೀತಿದ್ರು. ಆದ್ರೆ ಹೆಸರು ಎಣ್ಣೇದು. ನನ್ನ ಮಗಳಿಗೆ ಆ ನೆವ ಕೂಡ ಸಿಗಬಾರದು."

ಅಜ್ಜಿ ನಶ್ಯದ ಡಬ್ಬಿ ತೆಗೆದು ಒಂದು ಚಿಟಿಕೆ ಏರಿಸಿ, "ಆಯ್ತು, ಬಾನ್ವಾರವೇ ಮಾಡನ" ಅಂದಳು. ಮಂಗಳವಾರ ಶುಕ್ರವಾರ ಬಿಟ್ಟುಕೊಟ್ಟದ್ದು ಅಜ್ಜಿಯ ಮಟ್ಟಿಗೆ ಸಣ್ಣ ಸೋಲಲ್ಲ.

ಆ ಭಾನುವಾರಗಳನ್ನು ನೆನೆದರೆ ಈಗಲೂ ನನಗೆ ಹೊಟ್ಟೆಯೊಳಗೆ ಬೆಚ್ಚಗಾಗುತ್ತದೆ. ಬೆಳಿಗ್ಗೆ ಹಿತ್ತಲಲ್ಲಿ ಮೂರು ಕಲ್ಲು ಹೂಡಿ, ಹಂಡೆಗೆ ಉರಿ. ಮನೆಯಲ್ಲಿ ನೀರು ಕಾಯಿಸುವ ಕಾಯಿಲ್ ಇದ್ದರೂ ಅಜ್ಜಿ ಅದನ್ನು ಮುಟ್ಟುತ್ತಿರಲಿಲ್ಲ. ಅವಳ ಮೊಣಕಾಲ ಮಧ್ಯೆ ನಾನು. ಬೆಚ್ಚಗಿನ ಎಣ್ಣೆ ನೆತ್ತಿಗೆ ಬಿದ್ದು ಕಿವಿಯ ಹಿಂದೆ ಇಳಿಯುತ್ತಿತ್ತು. ಅವಳ ಬೆರಳು ತಲೆಯನ್ನು ತಟ್ಟುತ್ತಾ, ತಿಕ್ಕುತ್ತಾ, ಹಗರೆಯ ಸುದ್ದಿಯೆಲ್ಲ ಹೇಳುತ್ತಿದ್ದವು. ಆಮೇಲೆ ಬಚ್ಚಲಲ್ಲಿ ಸೀಗೆಪುಡಿ. ಕೊನೆಗೆ ಬಿಸಿಲಲ್ಲಿ ಕೂದಲು ಹರಡಿ ಕೂತರೆ ನಿದ್ದೆ ಹತ್ತುತ್ತಿತ್ತು. ಪಾಳಿ ಮುಗಿಸಿ ಬಂದ ಅಪ್ಪ ನಾಚಿಕೊಂಡು ತಾನೂ ಬಂದು ತಲೆ ಒಡ್ಡುತ್ತಿದ್ದ. ಅಮ್ಮ ಮಾತ್ರ ಒಳಗೆ ಪರೀಕ್ಷೆ ಪೇಪರು ತಿದ್ದುತ್ತಿದ್ದಳು.

"ಲತಾ, ನೀನೂ ಬಾರವ್ವ. ತಲೆ ನೋವು ಅಂತಿಯಲ್ಲ" ಅಂತ ಅಜ್ಜಿ ಪ್ರತಿ ವಾರ ಕರೆಯುವಳು.

"ನನಗೆ ಬೇಡ ಅತ್ತೆ" ಅಂತ ಅಮ್ಮ ಪ್ರತಿ ವಾರ ಹೇಳುವಳು.

ಫೆಬ್ರವರಿ ಕೊನೆಗೆ ನನ್ನ ಹಣೆಯ ಅಂಚಿನಲ್ಲಿ ಮರಿ ಕೂದಲು ಎದ್ದವು. ಮೊದಲು ಕಂಡದ್ದು ಅಮ್ಮನಿಗೆ. ಬಸ್ಸಿಗೆ ಓಡುವ ಅವಸರದಲ್ಲಿ ಜಡೆ ಹಾಕುತ್ತಿದ್ದವಳು ನಿಂತುಬಿಟ್ಟಳು. ನನ್ನ ತಲೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಆ ಕಡೆ ಈ ಕಡೆ ಬಾಚಿ ನೋಡಿ, "ಅತ್ತೆ, ಬನ್ನಿ ಇಲ್ಲಿ, ನೋಡಿ" ಅಂತ ಕೂಗಿದಳು. ಆ ದಿನ ಬಸ್ಸು ತಪ್ಪಿತು. ಅವಳು ಬೈದುಕೊಳ್ಳಲಿಲ್ಲ.

ಸೀಗೆಪುಡಿ ಮುಗಿಯುತ್ತಾ ಬಂದದ್ದು ಮಾರ್ಚಿನಲ್ಲಿ. ಅಜ್ಜಿ ಸೀಗೆಕಾಯಿಯನ್ನು ಮಿಲ್ಲಿಗೆ ಕೊಡುವವಳಲ್ಲ. ಒರಳಲ್ಲಿ ಕುಟ್ಟಬೇಕು, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ಪಕ್ಕದ ಮನೆಯ ಅನುಸೂಯಮ್ಮನವರು "ಏನ್ ಗಿಡ್ಡಮ್ಮಾರೇ, ಗೂಡ್ಸ್ ಗಾಡಿ ನಿಮ್ಮನೇಲೇ ಹೋಗ್ತಿದೆಯಾ?" ಅಂತ ಗೋಡೆಯಾಚೆಯಿಂದ ತಮಾಷೆ ಮಾಡುತ್ತಿದ್ದರು. ಆದರೆ ಆ ಸಲ ಅಜ್ಜಿಯ ಮಣಿಕಟ್ಟು ಊದಿತ್ತು. ಒನಕೆ ಎತ್ತಿದಾಗೆಲ್ಲ ಹಲ್ಲು ಕಚ್ಚುತ್ತಿದ್ದಳು. ಅಮ್ಮ ಅದನ್ನು ನೋಡಿದಳು.

ಮುಂದಿನದು ನನಗೆ ಆಮೇಲೆ ಗೊತ್ತಾದದ್ದು. ಶನಿವಾರ ಬೆಳಗಿನ ಸ್ಕೂಲು. ಅಮ್ಮ ಯಾರಿಗೂ ಹೇಳದೆ ಸೀಗೆಕಾಯಿಯನ್ನು ತನ್ನ ಚೀಲಕ್ಕೆ ತುಂಬಿಕೊಂಡು ಹೋಗಿ, ಬರುವಾಗ ದಾರಿಯಲ್ಲಿದ್ದ ಹಿಟ್ಟಿನ ಮಿಲ್ಲಿಗೆ ಇಳಿದಳು. ಯುಗಾದಿ ಹತ್ತಿರ. ಊರಿನ ಹೆಂಗಸರೆಲ್ಲ ವರ್ಷದ ಖಾರದಪುಡಿ ಮಾಡಿಸುವ ಕಾಲ. ಸೀಗೆಕಾಯಿ ತಂದವರು ಬೆಳಿಗ್ಗೆ ಮೊದಲ ಪಾಳಿಗೇ ಬರಬೇಕು, ಖಾರ ಬೀಳುವ ಮುಂಚೆ. ಇದು ಮಿಲ್ಲಿಗೆ ಹೋಗುವ ಎಲ್ಲ ಹೆಂಗಸರಿಗೂ ಗೊತ್ತು. ಅಮ್ಮ ಹದಿನೈದು ವರ್ಷದಿಂದ ಶಾಂಪೂ ಪೊಟ್ಟಣ ಹರಿದವಳು, ಅವಳಿಗೆ ಎಲ್ಲಿಂದ ಗೊತ್ತಿರಬೇಕು?

"ಖಾರದ್ ಮಿಷನ್ ಒಂದೇ ಖಾಲಿ ಇರೋದು ಮೇಡಂ, ಹಾಕ್ಲಾ?" ಅಂತ ಮಿಲ್ಲಿನವನು ಕೇಳಿದನಂತೆ.

"ಹಾಕಪ್ಪ, ಬಸ್ಸು ಬರುತ್ತೆ" ಅಂದಳಂತೆ ಅಮ್ಮ.

ಮನೆಗೆ ಬಂದವಳು, ಅಜ್ಜಿ ಅನುಸೂಯಮ್ಮನವರ ಜೊತೆ ಮಾತಾಡುತ್ತಿದ್ದಾಗ ಪುಡಿಯನ್ನು ಅಜ್ಜಿಯ ಡಬ್ಬಕ್ಕೆ ತುಂಬಿ ಸುಮ್ಮನಾದಳು. ಡಬ್ಬ ತೆಗೆದಾಗ ಅತ್ತೆಯ ಮುಖ ಹೇಗಾಗುತ್ತದೆ ನೋಡಬೇಕು ಅಂತ ಆಸೆ. ಹದಿನೈದು ವರ್ಷದಲ್ಲಿ ಅತ್ತೆಗೆ ಅಂತ ಅವಳು ಕದ್ದು ಮಾಡಿದ ಮೊದಲ ಕೆಲಸ ಅದು.

ಭಾನುವಾರ ಬಚ್ಚಲಲ್ಲಿ ಅಜ್ಜಿ ಡಬ್ಬ ತೆಗೆದಳು. ಅಂಚಿನ ತನಕ ತುಂಬಿದ್ದನ್ನು ನೋಡಿ ಒಮ್ಮೆ ಅಡುಗೆಮನೆಯ ಕಡೆ ತಿರುಗಿದಳು. ಅವಳ ಮುಖದಲ್ಲಿ ಆಗ ಇದ್ದದ್ದು ಬರೀ ಖುಷಿ ಅಂತ ನನಗೆ ಈಗ ಗೊತ್ತು. ನಶ್ಯ ಏರಿಸಿ ಏರಿಸಿ ಅವಳ ಮೂಗು ಯಾವ ಕಾಲದಲ್ಲೋ ಸತ್ತಿತ್ತು. ಕಂದು ಪುಡಿಯಲ್ಲಿ ಕೆಂಪು ಕಾಣುವಷ್ಟು ಬೆಳಕು ಬಚ್ಚಲಲ್ಲಿರಲಿಲ್ಲ. ಎರಡು ಹಿಡಿ ಕಲಸಿ ನನ್ನ ತಲೆಗೆ ಮೆತ್ತಿ, ಗಸಗಸ ತಿಕ್ಕಿದಳು.

ನಾನು ಕಿರುಚಿದ್ದಕ್ಕೆ ಸಾಲಿನ ಮನೆಗಳೆಲ್ಲ ಬಾಗಿಲು ತೆಗೆದವು. ತಲೆಗೆ ಕೊಳ್ಳಿ ಇಟ್ಟ ಹಾಗೆ ಉರಿ, ಕಣ್ಣು ಬಿಡಲಾಗದು. ಅಜ್ಜಿ ತಣ್ಣೀರು ಸುರಿದಷ್ಟೂ ಖಾರ ಮುಖಕ್ಕೆ, ಬೆನ್ನಿಗೆ ಇಳಿಯಿತು. ಅಪ್ಪ ಟವೆಲಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ಓಡಿದ. ಕಣ್ಣಿಗೇನೂ ಆಗಲಿಲ್ಲ. ಆದರೆ ನೆತ್ತಿಯೆಲ್ಲ ಬೊಬ್ಬೆ. ಒಂದು ತಿಂಗಳು ತಲೆ ಮುಟ್ಟಬೇಡಿ ಅಂದರು ಡಾಕ್ಟರು. ಮರಿ ಕೂದಲು ಬಂದಿದ್ದ ಜಾಗದಲ್ಲೇ ಗೊಂಚಲು ಗೊಂಚಲಾಗಿ ಉದುರಿತು.

ಅಪ್ಪ ಅಜ್ಜಿಯ ಮೇಲೆ ಕೂಗಾಡಿದ. "ಮಗೀಗೆ ಕಣ್ಣು ಹೋಗಿದ್ರೆ ಏನವ್ವಾ ಮಾಡ್ತಿದ್ದೆ?"

ಅಜ್ಜಿ ತನ್ನ ಎರಡೂ ಕೈಗಳನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಕೊಂಡು ಕೂತಿದ್ದಳು. ಅವೂ ಕೆಂಪಗೆ ಉರಿಯುತ್ತಿದ್ದವು. ಅಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು, ಬಾಯಿ ತೆರೆದಿತ್ತು, ಮಾತು ಬರಲಿಲ್ಲ. ಅಜ್ಜಿ ಅವಳನ್ನೇ ಒಂದು ಗಳಿಗೆ ನೋಡಿದಳು.

"ನಂದೇ ತೆಪ್ಪು ಕಣ್ ಮಗ" ಅಂದಳು. "ಮೆಣಸಿನ್‌ಕಾಯ್ ಕುಟ್ಟಿದ್ ಒರಳ್ನ ತೊಳೀದೆ ಕುಟ್ಬುಟ್ಟಿವ್ನಿ. ವಯಸ್ಸಾಯ್ತು."

ನಾನಾದರೂ ಸುಮ್ಮನಿರಬಾರದಿತ್ತೇ? "ನನ್ನ ಮೊಗ್ಗಿನ ಜಡೆ ಹಾಳು ಮಾಡಿದೆ. ನೀನು ನಿಮ್ಮೂರಿಗೆ ಹೋಗು" ಅಂದುಬಿಟ್ಟೆ. ಹದಿಮೂರು ವರ್ಷದ ನಾಲಗೆ. ಅದನ್ನು ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಅಜ್ಜಿ ಮಂಗಳವಾರ ಹೊರಟಳು. ಹೊರಡುವ ಮುಂಚೆ ಮನೆಯೆಲ್ಲ ಗುಡಿಸಿ, ಮೂಲೆಯಲ್ಲಿ ಸಿಕ್ಕ ನನ್ನ ಕೂದಲನ್ನೆಲ್ಲ ಉಂಡೆ ಮಾಡಿ, ಅದನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ಆಮೇಲೆ ಮನೆ ಎಷ್ಟು ಸಪ್ಪಗಾಯಿತೆಂದರೆ ಅಪ್ಪನೇ ನುಗ್ಗೆಸೊಪ್ಪು ಕೇಳಿದ. ಅಮ್ಮ ಶಾಂಪೂ ಮಾತೆತ್ತಲಿಲ್ಲ. ಅವಸರದಲ್ಲೂ ಬೆಳಿಗ್ಗೆ ಎದ್ದು ಅಂಬಲಿ ಕಾಯಿಸುತ್ತಿದ್ದಳು. ಅದು ಗಂಟುಗಂಟಾಗುತ್ತಿತ್ತು, ನಾನು ಕುಡಿಯುತ್ತಿದ್ದೆ. ಮೂರು ವಾರ ಹೀಗೇ ಕಳೆಯಿತು. ಒಂದು ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದಾಗ ನಾನು "ಅಜ್ಜಿ ಯಾವಾಗ ಬರ್ತಾಳೆ?" ಅಂತ ಕೇಳಿದೆ.

"ಬರೋದು ಬೇಡ" ಅಂದ ಅಪ್ಪ. "ಅವ್ವನಿಗೆ ಬುದ್ಧಿ ಮಂಕಾಗೈತೆ. ಇನ್ಮೇಲೆ ಅವಳ ಕೈಗೆ ಮಗೀನ ಬಿಡೋಕಾಗಲ್ಲ."

ಅಮ್ಮ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಇಟ್ಟಳು. "ಅತ್ತೆ ಕುಟ್ಟಿದ್ದಲ್ಲ ರೀ ಅದು. ನಾನು ಮಿಲ್ಲಿಗೆ ಹಾಕಿಸಿದ್ದು. ಖಾರದ ಮಿಷನ್ನಿಗೆ."

ಅಪ್ಪನ ಕೈ ಸಾರಿನಲ್ಲೇ ನಿಂತಿತು. "ಮೂರು ವಾರ ಸುಮ್ನಿದ್ಯಾ?"

"ಇದ್ದೆ. ಆವತ್ತು ಬಾಯಿ ಬರಲಿಲ್ಲ. ಆಮೇಲೆ ಅವರೇ ಒಪ್ಕೊಂಡುಬಿಟ್ರಲ್ಲ, ಧೈರ್ಯ ಬರಲಿಲ್ಲ."

ಅಪ್ಪ ಬೈಯುತ್ತಾನೆ ಅಂದುಕೊಂಡೆ. ಅವನು ಎದ್ದು ಕೈ ತೊಳೆದು, ಬೆನ್ನು ತಿರುಗಿಸಿ ನಿಂತು ಹೇಳಿದ್ದು ಇಷ್ಟೇ: "ನಾನೂ ನಮ್ಮವ್ವನ್ನ ಒಂದು ಮಾತು ಕೇಳ್ಲಿಲ್ಲವಲ್ಲ."

ಏಪ್ರಿಲ್ಲಿನ ಒಂದು ಭಾನುವಾರ ಮೊದಲ ಬಸ್ಸಿಗೆ ಹೊರಟೆವು. ಅಪ್ಪನಿಗೆ ಡ್ಯೂಟಿ ಇತ್ತು. ನಾನು, ಅಮ್ಮ ಇಬ್ಬರೇ. ಬಸ್‌ಸ್ಟ್ಯಾಂಡಿನಲ್ಲಿ ಅಮ್ಮ ಎರಡು ಸೇರು ಮಲ್ಲಿಗೆ ಮೊಗ್ಗು ಕೊಂಡು ಒದ್ದೆ ಬಟ್ಟೆಯಲ್ಲಿ ಸುತ್ತಿಸಿಕೊಂಡಳು. ನನ್ನ ರೇಷ್ಮೆ ಲಂಗವೂ ಚೀಲದಲ್ಲಿತ್ತು. ನನಗೆ ಕುಣಿಯುವ ಹಾಗಾಯಿತು. ಜಾವಗಲ್ ಮೇಲೆ ಹಳೇಬೀಡು, ಅಲ್ಲಿಂದ ಇನ್ನೊಂದು ಬಸ್ಸು. ಹಗರೆ ತಲುಪುವಾಗ ಒಂಬತ್ತೂವರೆ.

ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಹೆಬ್ಬೆರಳಿಗೆ ಕಪ್ಪು ದಾರ ಸುತ್ತಿಕೊಂಡು, ನನ್ನ ಉದುರಿದ ಕೂದಲನ್ನು ಎಳೆಎಳೆಯಾಗಿ ಬಿಡಿಸಿ ಒಂದು ಚೌರಿ ಕಟ್ಟುತ್ತಿದ್ದಳು. ಜಡೆ ಸಣ್ಣದಾದರೆ ಸೇರಿಸಿ ಹೆಣೆಯುವುದಕ್ಕೆ. ಮೊಳದುದ್ದ ಆಗಿತ್ತು. ನಮ್ಮನ್ನು ನೋಡಿ ಅದನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡಳು.

ಅಮ್ಮ ಜಗಲಿ ಹತ್ತಲಿಲ್ಲ. ಕೆಳಗೆ ನಿಂತೇ ಹೇಳಿದಳು. "ಅತ್ತೆ, ಮಿಲ್ಲಿಗೆ ಹಾಕಿಸಿದ್ದು ನಾನು."

"ಗೊತ್ತು ಕಣವ್ವ. ಪುಡೀನ ನಾಲ್ಗೆಗಿಕ್ಕಿ ನೋಡ್ದೆ. ಖಾರ ಆಡ್ಸದ್ ಮಿಷನ್ನು ಅಂತ ಆಗ್ಲೇ ತಿಳೀತು."

"ಮತ್ತೆ ಯಾಕೆ ನಿಮ್ಮ ಮೇಲೆ ಹಾಕ್ಕೊಂಡ್ರಿ?"

ಅಜ್ಜಿ ನಶ್ಯದ ಡಬ್ಬಿ ಹುಡುಕಿದಳು, ಸಿಗಲಿಲ್ಲ. "ನನ್ ಕೈ ನೋಯ್ತೈತೆ ಅಂತ ನೀನು ಹೋಗಿದ್ದು. ನಂಗೋಸ್ಕರ ಹೋಗಿದ್ದು. ಅದ್ನ ತೆಪ್ಪು ಅಂತ ನಾನ್ ಹೆಂಗವ್ವಾ ಹೇಳ್ಲಿ? ಹೇಳಿದ್ರೆ ಇನ್ನೊಂದ್ ದಪ ಹೋಗ್ತಿದ್ಯಾ ನೀನು?"

ಅಮ್ಮ ಜಗಲಿಯ ಮೇಲೆ ಕುಸಿದು ಕೂತು ಅತ್ತಳು. ನಾನು ಅಜ್ಜಿಯ ಮಡಿಲಿಗೆ ಬಿದ್ದು ಅತ್ತೆ. ಅಜ್ಜಿ ಮಾತ್ರ ಅಳಲಿಲ್ಲ, ನನ್ನ ತಲೆಯನ್ನು ಬಿಸಿಲಿಗೆ ತಿರುಗಿಸಿ ಬೆರಳಲ್ಲಿ ಬಿಡಿಸಿ ನೋಡಿದಳು. ಆಮೇಲೆ ಮೊಗ್ಗಿನ ಗಂಟು ನೋಡಿದಳು.

"ಬ್ಯಾಡ ಮಗ" ಅಂದಳು. "ನೆತ್ತಿ ಇನ್ನಾ ಎಳೇದು ಐತೆ. ಮೊಗ್ಗಿನ್ ಭಾರ ಎಳುದ್ರೆ ಮರಿ ಕೂದ್ಲು ಬೇರ್ ಸಮೇತ ಬತ್ತೈತೆ. ಮುಂದಿನ್ ವರ್ಸ ನಿಂಗೆ. ನನ್ ಕೈಯಾರೆ."

ನನ್ನ ಅಳು ಜೋರಾಯಿತು. ಅಜ್ಜಿ ಬಿಡಲಿಲ್ಲ. ಅಮ್ಮ ಮೊಗ್ಗನ್ನು ನೋಡುತ್ತಾ "ಪಾಪ, ಸಂಜೆಗೆ ಅರಳಿಬಿಡುತ್ತೆ ಇದು. ದೇವರಿಗಾದ್ರೂ ಕೊಡೋಣ" ಅಂದಳು. ಸ್ವಲ್ಪ ತಡೆದು, ತನಗೆ ತಾನೇ ಅನ್ನುವ ಹಾಗೆ, "ಮೊಗ್ಗಿನ ಜಡೆ ಇವಳಿಗಾದ್ರೂ ಆಗಲಿ ಅಂತಿದ್ದೆ. ನಾನು ಚಿಕ್ಕವಳಿದ್ದಾಗ ನಮ್ಮ ಕೇರಿಗೆ ಹೆಣೆಯೋರು ಯಾರು ಬರ್ತಿದ್ರು" ಅಂದಳು.

ಅಜ್ಜಿ ಅವಳನ್ನು ದಿಟ್ಟಿಸಿ ನೋಡಿದಳು. ಎದ್ದು ಒಳಗೆ ಹೋಗಿ ಹರಳೆಣ್ಣೆ ಸೀಸೆ ತಂದಳು.

"ಕೂತ್ಕ ಇಲ್ಲಿ."

"ಯಾರು?"

"ನೀನೇ ಕಣವ್ವ. ಜುಟ್ಟು ಬಿಚ್ಚು."

"ಅಯ್ಯೋ ಅತ್ತೆ, ಮೂವತ್ತೈದು ವರ್ಷ ನನಗೆ. ನೋಡಿದೋರು ನಗ್ತಾರೆ!"

"ನಗ್ಲಿ ಬುಡು. ಅವ್ರ್ ಹಲ್ಲು, ಅವ್ರ್ ನಗ್ತಾರೆ."

ಅಮ್ಮ ಕೂತಳು. ಅಜ್ಜಿಯ ಮೊಣಕಾಲ ಮಧ್ಯೆ, ನಾನು ಕೂರುತ್ತಿದ್ದ ಹಾಗೆಯೇ. ನೆತ್ತಿಗೆ ಎಣ್ಣೆ ಬಿದ್ದಾಗ ಭುಜ ಬಿಗಿದಳು, ಹಾಗೇ ನಿಧಾನಕ್ಕೆ ಸಡಿಲ ಬಿಟ್ಟಳು. ಬಚ್ಚಲಿಂದ ಬರುವಾಗ ಅವಳ ಕಣ್ಣು ಕೆಂಪಗಿತ್ತು. "ಸೀಗೆ ಹೋಯ್ತು" ಅಂದಳು. ಅಜ್ಜಿಯೂ ನಾನೂ ನಂಬಿದ ಹಾಗೆ ಮಾಡಿದೆವು. ಕೂದಲು ಒಣಗಿದ ಮೇಲೆ ಅಮ್ಮನ ಮೋಟು ಜಡೆಗೆ ಅಜ್ಜಿ ಮಡಿಲಿಂದ ಚೌರಿ ತೆಗೆದು ಸೇರಿಸಿದಳು. ನನ್ನ ಕೂದಲು ಅಮ್ಮನ ಜಡೆಯಾಯಿತು. ಅದರ ಮೇಲೆ ಒಂದೊಂದೇ ಮೊಗ್ಗು ಹೊಲಿದಳು. ನಾನು ಸೂಜಿಗೆ ದಾರ ಪೋಣಿಸಿ ಕೊಟ್ಟೆ. ಮೂರು ಗಂಟೆ ಹಿಡಿಯಿತು. ಆ ಮೂರು ಗಂಟೆಯಲ್ಲಿ ನನ್ನ ಹೊಟ್ಟೆಕಿಚ್ಚು ಎಲ್ಲಿ ಹೋಯಿತೋ ನನಗೇ ಗೊತ್ತಿಲ್ಲ.

ಅಜ್ಜಿಯೂ ಸೇರಿ ಮೂವರೂ ಫೋಟೋ ತೆಗೆಸಲು ಹೊರಟೆವು. ಹಳೇಬೀಡಿನ ಬಸ್ಸಿನಲ್ಲಿ ಜನ ತಿರುಗಿ ತಿರುಗಿ ನೋಡಿದರು. ಅಮ್ಮ ಮೊದಲು ಸೆರಗು ಹೊದ್ದಳು. ಆಮೇಲೆ ಬಿಸಿಲಿಗೆ ಮೊಗ್ಗು ಬೆವರುತ್ತೆ ಅಂತ ತೆಗೆದಳು. ಸ್ಟುಡಿಯೋದವನು ನನ್ನನ್ನು ನೋಡಿ "ಬಾಮ್ಮ, ಕೂತ್ಕೊ" ಅಂದ. "ನಾನಲ್ಲ, ನಮ್ಮಮ್ಮ" ಅಂದೆ.

ಮುಂದಿನ ವರ್ಷ ನನ್ನದೂ ಆಯಿತು. ಅದು ಆಲ್ಬಮ್ಮಿನೊಳಗೆ ಎಲ್ಲೋ ಇದೆ. ಅಜ್ಜಿ ಹೋಗಿ ಈಗ ಬಹಳ ವರ್ಷವಾಯಿತು. ಗೋಡೆಯ ಮೇಲಿರುವುದು ಅಮ್ಮನ ಫೋಟೋ. ಮುಖದಲ್ಲಿ ಅಳುವೋ ನಗುವೋ ಗೊತ್ತಾಗದ ನಾಚಿಕೆ. ಹಿಂದಿನ ಕನ್ನಡಿಯಲ್ಲಿ ಉದ್ದಕ್ಕೂ ಬಿಳೀ ಜಡೆ. ಭಾರಕ್ಕೆ ಚೌರಿ ಜಾರೀತು ಅಂತ ಅಜ್ಜಿ ಕೊನೇ ಗಳಿಗೆ ತನಕ ಜಡೆಯ ತುದಿ ಹಿಡಿದುಕೊಂಡೇ ಇದ್ದಳು. ಹಾಗಾಗಿ ಕನ್ನಡಿಯ ಅಂಚಿನಲ್ಲಿ ಅವಳ ಕೈಯೊಂದೇ ಉಳಿದುಕೊಂಡಿದೆ.

ಮನೆಗೆ ಬಂದವರು ಕೇಳುತ್ತಾರೆ: "ಇದು ಯಾವ ಫಂಕ್ಷನ್ನಿಂದು, ಟೀಚರ್?"

ಅಮ್ಮ ಪ್ರತಿ ಸಲವೂ ಒಂದೇ ಉತ್ತರ ಕೊಡುತ್ತಾಳೆ.

"ನಮ್ಮತ್ತೆ ನನ್ನ ತಲೆಗೆ ಎಣ್ಣೆ ಹಚ್ಚಿದ ದಿನದ್ದು."